ಎರಡು ಅಂಕದ ಆಟಗಾರ

ಆಟ ಚೆನ್ನಾಗಿ ಬಲ್ಲವನೊಬ್ಬನಿಗೆ ಆಟ ಬಾರದವನ ಹಾಗೆ ಆಡುವುದನ್ನು ನಾನು ಹೇಳಿಕೊಟ್ಟಿದ್ದೇನೆ. ಕೆನಡಾದ ಬ್ರ್ಯಾಂಪ್ಟನ್ನಿನ ನಮ್ಮ ಮನೆಯ ಗ್ಯಾರೇಜಿನ ಮುಂದೆ, ಒಂದು ಶನಿವಾರ ಮಧ್ಯಾಹ್ನ, ಮುಕ್ಕಾಲು ಗಂಟೆ. ಅವನು ಕೊಡಗಿನವನು. ಹದಿನೆಂಟಕ್ಕೇ ರಾಜ್ಯದ ಜೂನಿಯರ್ ತಂಡದಲ್ಲಿ ಹಾಕಿ ಆಡಿದವನು. ಚೆಂಡು ಬಂದಾಗ ಸ್ಟಿಕ್ಕನ್ನು ಅರೆಕ್ಷಣ ತಡವಾಗಿ ಇಡು, ಪಾಸ್ ಕೊಡುವಾಗ ಎರಡು ಅಡಿ ಹಿಂದಕ್ಕೆ ಕೊಡು, ಓಡುವಾಗ ಒಮ್ಮೊಮ್ಮೆ ನಿನ್ನ ಸ್ಟಿಕ್ಕಿಗೆ ನೀನೇ ಎಡವು ಎಂದೆ. ಅವನು ಮೂರನ್ನೂ ಪ್ರಯತ್ನಿಸಿದ. ಮೊದಲ ನಾಲ್ಕು ಸಲ ಅವನಿಂದ ಆಗಲಿಲ್ಲ. ಕಾಲು ತಾನಾಗಿ ಸರಿದು, ಚೆಂಡು ಅವನ ಸ್ಟಿಕ್ಕಿಗೆ ಬಂದು ಅಂಟಿಕೊಂಡಂತೆ ನಿಲ್ಲುತ್ತಿತ್ತು. ಅವನು ನನ್ನ ಮುಖ ನೋಡಿ ತಪ್ಪು ಮಾಡಿದವನಂತೆ ನಗುತ್ತಿದ್ದ.

ಇದೇಕೆ ಬೇಕಾಯಿತು ಎಂದು ಹೇಳಲು ನಮ್ಮ ಲೀಗಿನ ನಿಯಮವನ್ನು ಹೇಳಬೇಕು. ನಾವು ಆಡುತ್ತಿದ್ದದ್ದು ಬಾಲ್ ಹಾಕಿ. ಐಸ್ ಹಾಕಿಯಂಥದೇ ಅಂಗಳ, ಆದರೆ ಮಂಜುಗಡ್ಡೆ ಇರುವುದಿಲ್ಲ. ಸ್ಕೇಟಿನ ಬದಲು ಶೂ, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯ ಬದಲು ಕಿತ್ತಳೆ ಬಣ್ಣದ ಗಟ್ಟಿ ಚೆಂಡು. ಟೀವಿಯಲ್ಲಿ ಕಾಣುವ ದೊಡ್ಡ ಹಾಕಿಯಲ್ಲಿ ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡುವಂತಿಲ್ಲ ಎಂಬ ಮಿತಿ ಇದೆ. ಹಣವಿರುವ ತಂಡವೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳದಿರಲಿ ಎಂದು. ನಮ್ಮ ವುಡ್‌ಬ್ರಿಡ್ಜ್ ಲೀಗಿನಲ್ಲಿ ಯಾರಿಗೂ ಸಂಬಳವಿಲ್ಲ. ಭಾನುವಾರ ಬೆಳಿಗ್ಗೆ ಆಡಿ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವವರು ನಾವು. ಆದ್ದರಿಂದ ಸಂಬಳದ ಜಾಗದಲ್ಲಿ ಅಂಕ. ಸಮಿತಿಯವರು ಪ್ರತಿ ಆಟಗಾರನಿಗೆ ಒಂದರಿಂದ ಎಂಟರವರೆಗೆ ಬೆಲೆ ಕಟ್ಟುತ್ತಾರೆ. ಹತ್ತು ಜನರ ಅಂಕ ಕೂಡಿದರೆ ನಲವತ್ತು ದಾಟಬಾರದು. ಹೊಸಬ ಬಂದರೆ ಅವನು ತನ್ನ ಅನುಭವವನ್ನು ಫಾರ್ಮಿನಲ್ಲಿ ಬರೆಯಬೇಕು, ಕ್ಯಾಪ್ಟನ್ ಸಹಿ ಹಾಕಬೇಕು, ಸಮಿತಿಯವರು ಎರಡು ಪಂದ್ಯ ನೋಡಿ ಅಂಕವನ್ನು ಖಾಯಂ ಮಾಡುತ್ತಾರೆ. ಯಾರಿಗಾದರೂ ಪೆಟ್ಟಾಗಿ ಡಾಕ್ಟರ ಚೀಟಿ ತಂದರೆ, ಅವನು ವಾಪಸು ಬರುವವರೆಗೆ ಅವನ ಅಂಕ ಲೆಕ್ಕಕ್ಕಿಲ್ಲ.

ಕ್ಯಾಪ್ಟನ್ ನಾನು. ಮೈಸೂರಿನವನು, ಆಗ ನಲವತ್ತಮೂರು ವರ್ಷ, ಮಿಸಿಸಾಗಾದಲ್ಲಿ ಸಾಫ್ಟ್‌ವೇರ್ ಕೆಲಸ. ಆದರೆ ತಂಡ ಕಟ್ಟಿದವನು ನಾನಲ್ಲ, ನನ್ನ ಗೆಳೆಯ. ಬೆಂಗಳೂರಿನವನು. ಇಬ್ಬರೂ ಕೆನಡಾಕ್ಕೆ ಬಂದ ಮೊದಲ ವರ್ಷ ಒಂದೇ ಬೇಸ್‌ಮೆಂಟಿನಲ್ಲಿದ್ದೆವು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡೆವು. ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ನಾಲ್ಕು ಜನರನ್ನು ಸೇರಿಸಿ ಪ್ಲಾಸ್ಟಿಕ್ ಸ್ಟಿಕ್ಕು ಹಿಡಿಸಿದವನು ಅವನು. ನಮ್ಮ ಜರ್ಸಿಗೆ ಕೆಂಪು ಹಳದಿ ಬಣ್ಣ ಆರಿಸಿದವನೂ ಅವನೇ. ಆ ಕಾಲಕ್ಕೆ ಚೆನ್ನಾಗಿಯೇ ಆಡುತ್ತಿದ್ದ, ಸಮಿತಿ ಐದು ಅಂಕ ಕೊಟ್ಟಿತ್ತು. ಆರು ವರ್ಷದಲ್ಲಿ ಹೊಟ್ಟೆ ಬಂತು, ಉಸಿರು ಹೋಯಿತು, ಅಂಕ ಮಾತ್ರ ಐದರಲ್ಲೇ ನಿಂತಿತು. ಅವನ ಐದು ಅಂಕ ನನ್ನ ತಲೆಯ ಮೇಲೆ ಕಲ್ಲಿನಂತೆ ಕೂತಿತ್ತು. ಪ್ರತಿ ಸೀಸನ್ನಿನಲ್ಲೂ ನಾವು ಕೊನೆಯವರು, ಇಲ್ಲವೆ ಕೊನೆಯವರಿಗಿಂತ ಒಂದು ಮೇಲೆ.

ಆ ವರ್ಷ ನನಗೆ ಗೆಲ್ಲಬೇಕಿತ್ತು. ಕಾರಣ ದೊಡ್ಡದೇನಲ್ಲ. ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನನ್ನು ನನ್ನ ಮೇಲೆ ಕೂರಿಸಿದ್ದರು. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ, "ನಿಮ್ಗೆ ಅಷ್ಟಕ್ಕೆಲ್ಲ ಬೇಜಾರ್ಯಾಕೆ, ಸಂಬಳ ಬರ್ತಿದ್ಯಲ್ಲ" ಎಂದಿದ್ದಳು. ಎಲ್ಲಾದರೂ ಒಂದು ಕಡೆ ನನ್ನ ಹೆಸರನ್ನು ಮೇಲೆ ನೋಡಬೇಕೆಂಬ ಹಟ ಹಿಡಿದಿತ್ತು.

ಅದೇ ಚಳಿಗಾಲದಲ್ಲಿ ಕೊಡಗಿನವನು ಸಿಕ್ಕಿದ. ಹೆಂಡತಿ ಇಲ್ಲಿಯ ಕಾಲೇಜಿನಲ್ಲಿ ನರ್ಸಿಂಗ್ ಓದಲು ಬಂದಿದ್ದಳು; ಅವಳ ಹಿಂದೆ ಇವನೂ ಮಗಳೂ. ಮೂವತ್ತಾರು ವರ್ಷ. ಬ್ರ್ಯಾಂಪ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಟ್ರಕ್ಕಿಗೆ ಪೆಟ್ಟಿಗೆ ತುಂಬುವ ಕೆಲಸ. ಕನ್ನಡ ಸಂಘದ ಊಟದಲ್ಲಿ ನನ್ನ ಪಕ್ಕ ಕೂತು, ನಾವು ಹಾಕಿ ಆಡುತ್ತೇವೆಂದು ಕೇಳಿದ ಕೂಡಲೇ ಊಟ ನಿಲ್ಲಿಸಿದ. ಸ್ಟಿಕ್ ಮುಟ್ಟಿ ಹನ್ನೊಂದು ವರ್ಷವಾಯಿತೆಂದ. ಮುಂದಿನ ವಾರ ಅಭ್ಯಾಸಕ್ಕೆ ಬಂದ. ಎರಡೇ ನಿಮಿಷ ನೋಡಿದೆ. ಇವನಿಗೆ ಏಳು ಅಂಕ, ಕಡಿಮೆಯೆಂದರೆ.

ಅವನನ್ನು ಮನೆಗೆ ಕರೆತಂದು ಫಾರ್ಮ್ ತುಂಬಿದೆ. ಹಿಂದಿನ ಅನುಭವ ಎಂಬಲ್ಲಿ 'ಇಲ್ಲ' ಎಂದು ಬರೆದೆ. ಅವನು ಓದಿದ.

"ಊರಲ್ಲಿ ಆಡಿದ್ದು ಬರೀಬೇಡ್ವಾ?"

"ಅದು ಫೀಲ್ಡ್ ಹಾಕಿ. ಇದು ಬೇರೆ ಆಟ. ಇದನ್ನ ನೀನು ಯಾವತ್ತಾದ್ರೂ ಆಡಿದ್ದೀಯಾ?"

"ಇಲ್ಲ."

"ಮತ್ತೆ?"

ಅವನು ಸಹಿ ಹಾಕಿದ. ಪರಿಚಯವಾದ ಎರಡನೇ ವಾರಕ್ಕೇ ನಾನು ಅವನನ್ನು ನೀನು ಎನ್ನುತ್ತಿದ್ದೆ. ಅವನು ಕೊನೆಯವರೆಗೂ ನನ್ನನ್ನು ನೀವು ಎಂದ. ನಮ್ಮ ಕಂಪನಿಯಲ್ಲಿ ಜಾಗ ಖಾಲಿಯಾದರೆ ಅವನ ಹೆಸರು ಹೇಳುತ್ತೇನೆಂದೂ ಮಾತು ಕೊಟ್ಟಿದ್ದೆ. ಜಾಗ ಎರಡು ಸಲ ಖಾಲಿಯಾಯಿತು. ನಾನು ಹೇಳಲಿಲ್ಲ.

ಗೆಳೆಯನ ವಿಷಯ ಇನ್ನೂ ಸುಲಭವಾಯಿತು. ದೊಡ್ಡ ಲೀಗಿನ ತಂಡಗಳೇ ದುಬಾರಿ ಆಟಗಾರನನ್ನು ತಿಂಗಳುಗಟ್ಟಲೆ ಗಾಯಾಳುಗಳ ಪಟ್ಟಿಯಲ್ಲಿಟ್ಟು ಸಂಬಳದ ಮಿತಿಯಿಂದ ಜಾರಿಕೊಳ್ಳುತ್ತವೆ ಎಂದು ಆಫೀಸಿನ ಊಟದ ಮೇಜಿನಲ್ಲಿ ಜನ ರೇಗುತ್ತಿದ್ದರು. ಅವರ ಸಿಟ್ಟು ಕೇಳಿಯೇ ನನಗೆ ದಾರಿ ಹೊಳೆಯಿತು. ಗೆಳೆಯನ ಎಡ ಮಂಡಿಯಲ್ಲಿ ಸಣ್ಣ ನೋವಿತ್ತು.

"ಎರಡು ಮ್ಯಾಚ್ ಅಷ್ಟೆ ಮಗಾ," ಎಂದೆ. "ವಾಕ್-ಇನ್‌ಗೆ ಹೋಗಿ ಡಾಕ್ಟರ ಹತ್ರ ಒಂದು ಚೀಟಿ ತಗೊಂಡು ಬಾ. ಆಮೇಲೆ ನೀನೇ ಬಂದು ಆಡು."

"ಎರಡೇ ತಾನೆ?"

"ಎರಡೇ."

ಅವನ ಐದು ಅಂಕದ ಜಾಗಕ್ಕೆ ಕಾಲೇಜು ತಂಡದಲ್ಲಿ ಆಡಿದ್ದ ಒಬ್ಬ ಡಿಫೆಂಡರನ್ನು ತಂದೆ. ಎರಡು ಪಂದ್ಯ ಆರಾಯಿತು, ಆರು ಹತ್ತಾಯಿತು. ಗೆಳೆಯ ಪ್ರತಿ ಭಾನುವಾರ ಜರ್ಸಿ ತೊಟ್ಟು, ಪ್ಯಾಂಟಿನ ಮೇಲೆ ಮಂಡಿಪಟ್ಟಿ ಕಟ್ಟಿಕೊಂಡು ಬೆಂಚಿನಲ್ಲಿ ಕೂರುತ್ತಿದ್ದ. ಸಮಿತಿಯವರು ಇದ್ದ ದಿನ ಸ್ವಲ್ಪ ಕುಂಟಲು ನಾನೇ ಹೇಳಿದ್ದೆ. ನೀರಿನ ಬಾಟಲಿ ತುಂಬುವುದು, ಆಟಗಾರರಿಗೆ ಅಂಗಳದ ಬಾಗಿಲು ತೆಗೆಯುವುದು ಅವನ ಕೆಲಸವಾಯಿತು. ಒಂದು ದಿನ ಅವನು ಕುಂಟಿಕೊಂಡು ಬಾಟಲಿ ತರುವಾಗ ನಮ್ಮವರೇ ಯಾರೋ, "ಅಂಕಲ್, ಸ್ವಲ್ಪ ಬೇಗ" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ.

ಕೊಡಗಿನವನ ಮೊದಲ ಎರಡು ಪಂದ್ಯಕ್ಕೆ ಮರಳುತ್ತೇನೆ. ಅವನ ಹೆಂಡತಿಗೆ ಭಾನುವಾರ ಒಂದು ವೃದ್ಧಾಶ್ರಮದಲ್ಲಿ ಶಿಫ್ಟಿತ್ತು. ಮಗಳಿಗೆ ಹತ್ತು ವರ್ಷ.

"ಆ ಎರಡು ಮ್ಯಾಚಿಗೆ ಅವಳನ್ನ ನಿಮ್ಮ ಮನೇಲಿ ಬಿಡಬಹುದಾ?" ಎಂದು ಕೇಳಿದ. ಅವನು ನನ್ನನ್ನು ಕೇಳಿದ ಒಂದೇ ಉಪಕಾರ ಅದು.

"ಯಾಕೆ? ಬರ್ಲಿ ಬಿಡು, ಮಕ್ಕಳಿಗೇನ್ ಗೊತ್ತಾಗುತ್ತೆ," ಎಂದೆ. ಭಾನುವಾರ ಮನೆಯಲ್ಲಿ ಬೇರೆ ಮಗು ಬೇಡವೆಂದು ನನ್ನ ಹೆಂಡತಿ ಹೇಳಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಮಗಳು ಮೆಟ್ಟಿಲಿನ ಮೇಲಿನ ಸಾಲಿನಲ್ಲಿ ಜಾಕೆಟ್ಟಿನೊಳಗೆ ಕೈ ಎಳೆದುಕೊಂಡು ಕೂತಿದ್ದಳು. ಸಮಿತಿಯ ಅಧ್ಯಕ್ಷರು ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಅವಳಿಗಿಂತ ಎರಡು ಸಾಲು ಕೆಳಗೆ. ನಿವೃತ್ತ ಶಾಲಾ ಮುಖ್ಯೋಪಾಧ್ಯಾಯರು ಅವರು, ವುಡ್‌ಬ್ರಿಡ್ಜಿನಲ್ಲೇ ಹುಟ್ಟಿ ಬೆಳೆದ ಇಟಾಲಿಯನ್ ಮನೆತನದವರು. ಕೊಡಗಿನವನು ಚೆನ್ನಾಗಿ ಕಲಿತಿದ್ದ. ಖಾಲಿ ಗೋಲಿನ ಮುಂದೆ ಚೆಂಡು ಬಂದಾಗ ಸ್ಟಿಕ್ಕನ್ನು ಗಾಳಿಗೆ ಬೀಸಿ, ಒಂದು ಸುತ್ತು ಸುತ್ತಿ, ಕುಂಡೆ ಊರಿ ಬಿದ್ದ. ಎರಡೂ ತಂಡದವರು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಅಧ್ಯಕ್ಷರು ಕೇಳಲಿ ಎಂದು. ಅವನು ಎದ್ದು ಮೊದಲು ನೋಡಿದ್ದು ಮೇಲಿನ ಸಾಲನ್ನು.

ಪಂದ್ಯ ಮುಗಿದು ಶೂ ಬಿಚ್ಚುತ್ತಿದ್ದಾಗ ಮಗಳು ಇಳಿದು ಬಂದಳು. ಅವನು ಅವಳೊಡನೆ ಕೊಡವ ಭಾಷೆಯಲ್ಲಿ ಏನೋ ಅಂದ. ಅವಳು ಇಂಗ್ಲಿಷಿನಲ್ಲೇ ಉತ್ತರಿಸಿದಳು, ಇಲ್ಲಿಗೆ ಬಂದ ಮಕ್ಕಳೆಲ್ಲ ಮಾಡುವಂತೆ.

"ಯೂ ಸೆಡ್ ಯೂ ವರ್ ಗುಡ್."

ಅವನು ಲೇಸು ಬಿಚ್ಚುತ್ತಲೇ ಇದ್ದ. ಬಿಚ್ಚಿದ ಲೇಸನ್ನು ಮತ್ತೆ ಕಟ್ಟಿ, ಮತ್ತೆ ಬಿಚ್ಚಿದ. ನಾನು ಅವಳ ತಲೆ ಸವರಿ, "ಡ್ಯಾಡ್ ಈಸ್ ಲರ್ನಿಂಗ್" ಎಂದೆ. ಆ ವಾರ ಅವನಿಗೆ ಎರಡು ಅಂಕ ಖಾಯಂ ಆಯಿತು.

ಮೂರನೇ ಪಂದ್ಯದಿಂದ ಅವನನ್ನು ಆಡಲು ಬಿಟ್ಟೆ. ಪೂರ್ತಿ ಬಿಡಲಿಲ್ಲ, ಪಂದ್ಯಕ್ಕೆ ಒಂದು ಗೋಲು ಸಾಕು, ಎರಡು ಅಂಕದವನು ಸ್ವಲ್ಪ ಸ್ವಲ್ಪ ಸುಧಾರಿಸಿದಂತೆ ಕಾಣಲಿ ಎಂದೆ. ಪಾಸು ಎಷ್ಟಾದರೂ ಕೊಡಬಹುದಿತ್ತು. ಅವನ ಪಾಸಿನಿಂದ ಗೋಲು ಹೊಡೆದವರು ನಾವೆಲ್ಲ ಹೀರೋಗಳಾದೆವು. ನಾನು ಒಂಬತ್ತು ಗೋಲು ಹೊಡೆದೆ, ಅಷ್ಟೂ ಅವನು ನನ್ನ ಸ್ಟಿಕ್ಕಿನ ಮುಂದೆ ತಂದಿಟ್ಟವು. ಫೈನಲಿನಲ್ಲಿ ಮಾತ್ರ, ಎರಡು ಗೋಲು ಹಿಂದಿದ್ದಾಗ, ಅವನ ಬಳಿ ಹೋಗಿ "ಈಗ ಆಡು" ಎಂದೆ. ಅವನು ಮೂರು ಗೋಲು ಹೊಡೆದ. ಕೊನೆಯದನ್ನು ನಾಲ್ಕು ಜನರನ್ನು ದಾಟಿ ಹೊಡೆದ. ಮಗಳು ಕಂಬಿ ಹಿಡಿದು ಕುಣಿಯುತ್ತಿದ್ದಳು. ಕಪ್ಪನ್ನು ನಾನು ಎತ್ತಿದೆ.

ಮೂರು ವಾರಕ್ಕೆ ಎಲ್ಲ ಬಯಲಾಯಿತು. ಗೆಳೆಯ ಯಾರದೋ ಗೃಹಪ್ರವೇಶದಲ್ಲಿ ತಮಟೆ ಹಾಡಿಗೆ ನೆಲಕ್ಕೆ ಕುಕ್ಕರಿಸಿ ಎದ್ದು ಕುಣಿದಿದ್ದ. ಅದರ ವಿಡಿಯೊ ಫೈನಲಿನಲ್ಲಿ ಸೋತ ತಂಡದ ಪಂಜಾಬಿ ಕ್ಯಾಪ್ಟನ್ನಿಗೆ ಸಿಕ್ಕಿತು. ಅವನು ನನಗೆ ಫೋನ್ ಮಾಡಿ ತಣ್ಣಗೆ ಕೇಳಿದ: "ಭಾಯಿ ಸಾಬ್, ಆಪ್ಕೆ ದೋಸ್ತ್ ಕಾ ಘುಟ್ನಾ ಠೀಕ್ ಹೋ ಗಯಾ?" ಗೆಳೆಯನ ಮಂಡಿ ಗುಣವಾಯಿತೇ ಎಂದು. ನಾನು ಉತ್ತರ ಹುಡುಕುವುದರೊಳಗೆ ಅವನು ವಿಡಿಯೊವನ್ನು ಸಮಿತಿಗೆ ಕಳಿಸಿಯಾಗಿತ್ತು. ಸಮಿತಿ ಒಂದು ಎಳೆ ಹಿಡಿದು ಇಡೀ ತಂಡವನ್ನು ಬಿಚ್ಚಲು ಕೂತಿತು.

ನಮ್ಮ ಮೂವರನ್ನೂ ಕರೆದರು. ಅಂಗಳದ ಮೇಲಂತಸ್ತಿನ ಕೋಣೆ. ಕೆಳಗೆ ಮಕ್ಕಳು ಆಡುವ ಸದ್ದು ಗಾಜಿನಿಂದ ಬರುತ್ತಿತ್ತು. ಗೆಳೆಯ ಬಂದ ಕೂಡಲೇ ಒಪ್ಪಿಕೊಂಡ. ತನ್ನದೇ ಯೋಚನೆ ಎಂದ. ಅದು ನನ್ನನ್ನು ಉಳಿಸಲೋ, ಇಲ್ಲ ಇಡೀ ವರ್ಷ ಇನ್ನೊಬ್ಬರ ಮಾತಿಗೆ ಕುಂಟಿದೆ ಎಂದು ಹೇಳಿಕೊಳ್ಳುವ ನಾಚಿಕೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಅಧ್ಯಕ್ಷರು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಹಳೆಯ ಪತ್ರಿಕೆಯೊಂದರ ಚಿತ್ರ, ಇಂಟರ್ನೆಟ್ಟಿನಿಂದ ತೆಗೆದದ್ದು. ಬ್ಲೇಜರ್ ತೊಟ್ಟ ಹದಿನಾರು ಹುಡುಗರು, ಮುಂದಿನ ಸಾಲಿನಲ್ಲಿ ಎಳೆ ಮೀಸೆಯ ನಮ್ಮ ಕೊಡಗಿನವನು. ಅವನು ಹಾಳೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಬಹಳ ಹೊತ್ತು ನೋಡಿದ. ನಂತರ ಇಂಗ್ಲಿಷಿನಲ್ಲಿ, ಇದರ ಒಂದು ಕಾಪಿ ತನಗೆ ಸಿಗುತ್ತದೆಯೇ ಎಂದು ಕೇಳಿದ. ತನ್ನ ಬಳಿ ಈ ಫೋಟೊ ಇಲ್ಲ ಎಂದ.

"ಅದು ಕಡತಕ್ಕೆ ಸೇರಿದ್ದು," ಎಂದು ಅಧ್ಯಕ್ಷರು ಹಾಳೆಯನ್ನು ವಾಪಸು ತೆಗೆದುಕೊಂಡರು. ಅವರು ದುಷ್ಟರಲ್ಲ. ಶಾಲೆಯಲ್ಲಿ ನಕಲು ಹೊಡೆದ ಹುಡುಗನ ಕೈಯಿಂದ ಚೀಟಿ ತೆಗೆದುಕೊಂಡು ತೆಗೆದುಕೊಂಡು ಅಭ್ಯಾಸವಾದ ಕೈ ಅದು. ಬಳಿಕ ಫಾರ್ಮನ್ನು ಮುಂದಿಟ್ಟು, 'ಅನುಭವ ಇಲ್ಲ' ಎಂದು ಬರೆದವರು ಯಾರು ಎಂದು ನನ್ನನ್ನೇ ಕೇಳಿದರು.

"ಅವರೇ ತುಂಬಿಕೊಟ್ಟರು. ನಾನು ನಂಬಿ ಸಹಿ ಹಾಕಿದೆ," ಎಂದೆ.

ಗೆಳೆಯ ತನ್ನ ಶೂ ನೋಡುತ್ತಿದ್ದ. ಕೊಡಗಿನವನು ನನ್ನ ಕಡೆ ತಿರುಗಿ, ಮಾತು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದ. ಅವನು ಬಾಯಿ ಬಿಟ್ಟರೆ ಹೇಗೆ ಅಲ್ಲಗಳೆಯಬೇಕು ಎಂದು ನಾನು ಆಗಲೇ ವಾಕ್ಯ ಕಟ್ಟುತ್ತಿದ್ದೆ. ಅವನ ಇಂಗ್ಲಿಷ್ ಸಾಲದು, ನಿಯಮ ತಪ್ಪು ತಿಳಿದಿರಬೇಕು ಎನ್ನಬೇಕೆಂದಿದ್ದೆ. ಅದರ ಅಗತ್ಯ ಬೀಳಲಿಲ್ಲ.

"ಯೆಸ್. ಐ ರೋಟ್," ಎಂದ.

ಕೆಳಗೆ ಪಾರ್ಕಿಂಗಿನಲ್ಲಿ ಅವನ ಭುಜ ಮುಟ್ಟಿ, "ದೊಡ್ಡ ಉಪಕಾರ ಆಯ್ತು ಕಣೋ. ಎಲ್ಲ ತಣ್ಣಗಾಗ್ಲಿ, ನೋಡೋಣ" ಎಂದೆ.

"ಉಪಕಾರ ಅಲ್ಲ," ಎಂದ. "ಕ್ಯಾಪ್ಟನ್ ಹೇಳಿದ್ದು ಸುಳ್ಳು ಅಂತ ಹೊರಗಿನವರ ಎದುರು ಹೇಳಿ ನನಗೆ ಅಭ್ಯಾಸ ಇಲ್ಲ. ನೀವು ಹೋಗಿ. ನಾನು ಬಸ್ಸಲ್ಲಿ ಬರ್ತೀನಿ."

ಬರುವಾಗ ಮೂವರೂ ನನ್ನ ಕಾರಿನಲ್ಲೇ ಬಂದಿದ್ದೆವು. ಅಲ್ಲಿಂದ ಅವನ ಮನೆಗೆ ಎರಡು ಬಸ್ಸು ಬದಲಿಸಬೇಕು, ಹಿಮ ಬೀಳುತ್ತಿತ್ತು. ನಾನು ಇನ್ನೊಂದು ಸಲ ಕರೆಯಲಿಲ್ಲ. ಹೆದ್ದಾರಿಗೆ ಹತ್ತಿದ ಮೇಲೆ ಗೆಳೆಯ ಕೇಳಿದ.

"ಫಾರ್ಮಲ್ಲಿ ಬರೆದಿದ್ದು ನೀನೇ ಅಲ್ವೇನೋ?"

"ಸುಮ್ನಿರು."



ಶಿಕ್ಷೆಯ ಪತ್ರ ಹತ್ತು ದಿನಕ್ಕೆ ಬಂತು. ಆ ಸೀಸನ್ನಿನ ಗೆಲುವುಗಳೆಲ್ಲ ರದ್ದು, ಕಪ್ಪು ವಾಪಸು. ಮುಂದಿನ ಎರಡು ಸೀಸನ್ನಿಗೆ ನಮ್ಮ ಮಿತಿ ನಲವತ್ತರಿಂದ ಮೂವತ್ತನಾಲ್ಕಕ್ಕೆ ಇಳಿಕೆ. ಗೆಳೆಯನಿಗೆ ಒಂದು ವರ್ಷ ನಿಷೇಧ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಕೊಡಗಿನವನಿಗೆ ಶಾಶ್ವತ ನಿಷೇಧ. ಸುತ್ತಲಿನ ಲೀಗುಗಳಿಗೂ, ಮಕ್ಕಳ ಲೀಗಿಗೂ ಅವನ ಹೆಸರು ತಿಳಿಸಲಾಗುವುದು. ಕ್ಯಾಪ್ಟನ್ನಿಗೆ, ಸಾಕಷ್ಟು ಎಚ್ಚರ ವಹಿಸದ ಕಾರಣ, ಲಿಖಿತ ಎಚ್ಚರಿಕೆ. ಪತ್ರವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ನನಗಾದದ್ದು ನಿರಾಳ, ಬೇರೆ ಏನೂ ಅಲ್ಲ. ಕಾಫಿ ಮಾಡಿಕೊಂಡು ಕುಡಿದೆ.

ಒಂದು ವರ್ಷ ಕಳೆದು ಗೆಳೆಯ ವಾಪಸು ಬರಲು ಸಿದ್ಧನಾದ. ಏಳು ಕೆಜಿ ಇಳಿಸಿದ್ದ. ಪೋರ್ಟ್ ಕ್ರೆಡಿಟ್ಟಿನಲ್ಲಿ ಸರೋವರದ ದಂಡೆಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ. ಮೂವತ್ತನಾಲ್ಕರಲ್ಲಿ ಅವನಿಗೆ ಜಾಗವಿಲ್ಲ.

"ನಾನ್ ಶುರು ಮಾಡಿದ ಟೀಮ್ ಕಣೋ ಅದು."

"ಗೊತ್ತು. ಆದ್ರೆ ನೀನು ಐದು ಪಾಯಿಂಟು."

"ಆಡೋದು ಎರಡು ಪಾಯಿಂಟಿಂದು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಕಮಿಟಿಗೆ ಹೇಳು, ಇಳಿಸ್ತಾರೆ."

"ನಾವು ಹೇಳಿದ್ರೆ ಇನ್ನು ಅವ್ರು ನಂಬ್ತಾರೇನೋ?"

ಅವನು ಐಸ್‌ಕ್ರೀಮ್ ಕೊಳ್ಳಲು ನಿಂತಿದ್ದ ಜನರ ಸಾಲನ್ನು ದಾಟಿಕೊಂಡು ಹೊರಟುಹೋದ. ಹದಿನೇಳು ವರ್ಷದ ಸ್ನೇಹ. ಈಗ ಸಂಘದ ಸಮಾರಂಭಗಳಲ್ಲಿ ಎದುರಾದರೆ ನಮ್ಮ ಹೆಂಡತಿಯರು ಮಾತಾಡುತ್ತಾರೆ.

ನಾನು ಇನ್ನೊಂದು ವರ್ಷ ಆಡಿ ನಿಲ್ಲಿಸಿದೆ. ಆಗ ಅಧ್ಯಕ್ಷರೇ ಫೋನ್ ಮಾಡಿದರು. ಅಂಕ ಕಟ್ಟುವ ಸಮಿತಿಯಲ್ಲಿ ಒಂದು ಜಾಗವಿದೆ, ಬ್ರ್ಯಾಂಪ್ಟನ್ ಕಡೆಯ ತಂಡಗಳು ಹೆಚ್ಚಾಗಿವೆ, ಆ ಜನರನ್ನು ಬಲ್ಲವರೊಬ್ಬರು ಬೇಕು ಎಂದರು. "ನೀವು ಒಮ್ಮೆ ಮೋಸ ಹೋಗಿದ್ದೀರಿ, ನಿಮಗೆ ಬೇಗ ಗೊತ್ತಾಗುತ್ತದೆ" ಎಂದೂ ಸೇರಿಸಿದರು. ಒಪ್ಪಿಕೊಂಡೆ. ನಿಜವಾಗಿಯೂ ನನಗೆ ಬೇಗ ಗೊತ್ತಾಗುತ್ತದೆ. ಬೇಕೆಂದೇ ಬೀಳುವವನು ಕೈ ಮೊದಲು ಊರುತ್ತಾನೆ. ಎರಡು ವರ್ಷದಲ್ಲಿ ಮೂವರನ್ನು ಹಿಡಿದಿದ್ದೇನೆ, ಮೂವರಿಗೂ ಶಾಶ್ವತ ನಿಷೇಧಕ್ಕೇ ಮತ ಹಾಕಿದ್ದೇನೆ.

ಸಮಿತಿ ಸೇರಿದ ಮೊದಲ ವರ್ಷ ಕೊಡಗಿನವನ ಹೆಂಡತಿ ಫೋನ್ ಮಾಡಿದಳು. ಅದಕ್ಕೆ ಮುಂಚೆ ಅವಳೊಡನೆ ನಾನು ಮಾತಾಡಿದ್ದು ಎರಡೋ ಮೂರೋ ಸಲ. ಮಗಳು ಹುಡುಗಿಯರ ತಂಡಕ್ಕೆ ಸೇರಿದ್ದಾಳೆ, ಅವರಿಗೆ ಕೋಚ್ ಇಲ್ಲ, ಇವರು ಹೋಗಿ ಹೇಳಿಕೊಡುತ್ತೇನೆಂದರೆ ಹಳೆಯ ನಿಷೇಧ ತೋರಿಸಿ ಬೇಡವೆಂದರು ಎಂದಳು.

"ನೀವು ಈಗ ಕಮಿಟಿಯಲ್ಲಿ ಇದ್ದೀರಿ ಅಂತ ಕೇಳಿದೆ. ನಡೆದದ್ದು ಏನು ಅಂತ ಒಂದು ಲೆಟರ್ ಬರೆದುಕೊಟ್ರೆ ಸಾಕು. ನಿಮ್ಮ ಮೇಲೆ ಏನೂ ಹೇಳೋದು ಬೇಡ. ಅವರಿಗೆ ನಿಯಮ ಗೊತ್ತಿರ್ಲಿಲ್ಲ ಅಂತಾದ್ರೂ ಬರೀರಿ."

"ಈಗ ಸೀಸನ್ ನಡೀತಿದೆ. ನೋಡ್ತೀನಿ," ಎಂದೆ.

ಎಷ್ಟು ಸುಲಭದ ಪತ್ರ ಅದು. ಒಂದು ಸಂಜೆ ಕೂತು ಅರ್ಧ ಬರೆದೆ ಕೂಡ. ಅವರಿಗೆ ನಿಯಮ ಗೊತ್ತಿರಲಿಲ್ಲ ಎಂದು ಬರೆದರೆ, ಗೊತ್ತಿದ್ದವರು ಯಾರು ಎಂದು ಅಧ್ಯಕ್ಷರು ಕೇಳುತ್ತಾರೆ. ಅಳಿಸಿದೆ.

ಎರಡು ವಾರ ಬಿಟ್ಟು ಅವನೇ ಮನೆಗೆ ಬಂದ. ಕೆಲಸದಿಂದ ನೇರ ಬಂದಿದ್ದ. ವೇರ್‌ಹೌಸಿನ ಹಳದಿ ಜಾಕೆಟ್ಟು ಮೈಮೇಲೇ ಇತ್ತು. ಒಳಗೆ ಕರೆದೆ, ಬರಲಿಲ್ಲ.

"ಇವಳು ನಿಮಗೆ ಫೋನ್ ಮಾಡಿದ್ಲಂತೆ. ನನಗೆ ಗೊತ್ತಿರ್ಲಿಲ್ಲ. ನೀವು ಲೆಟರ್ ಬರೀಬೇಡಿ."

"ಬರೀಬೇಕು ಅಂತಾನೇ ಇದ್ದೆ ಕಣೋ. ಟೈಮ್—"

"ಬರೆದ್ರೂ ಉಪಯೋಗ ಇಲ್ಲ," ಎಂದ. ದನಿ ಏರಿಸಲಿಲ್ಲ. "ಮಗಳು ಮೊದಲು ಅಪ್ಪನಿಗೆ ಆಡಕ್ಕೆ ಬರಲ್ಲ ಅಂದ್ಕೊಂಡಿದ್ಲು. ಆಮೇಲೆ ಸ್ಕೂಲಲ್ಲಿ ಯಾರೋ ಹೇಳಿ, ಅಪ್ಪ ಮೋಸಗಾರ ಅಂದ್ಕೊಂಡ್ಲು. ಈಗ ಏನೂ ಕೇಳಲ್ಲ. ನಾನು ಅವಳ ಮ್ಯಾಚಿಗೆ ಹೋದ್ರೆ ದೂರ ಕೂತ್ಕೊಳಕ್ಕೆ ಹೇಳ್ತಾಳೆ. ದೂರ ಕೂತು ನೋಡ್ತೀನಿ. ಚೆನ್ನಾಗಿ ಆಡ್ತಾಳೆ."

ಆಗ ನಾನು ಕ್ಷಮಿಸು ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಅವಳಿಗೆ ಎಷ್ಟು ಪಾಯಿಂಟ್ ಕೊಟ್ಟಿದ್ದಾರೆ?" ಎಂಬ ಪ್ರಶ್ನೆ. ಅವನು, ಮಕ್ಕಳ ಲೀಗಿನಲ್ಲಿ ಅಂಕ ಇಲ್ಲ ಎಂದು ಹೇಳಿ ಮೆಟ್ಟಿಲಿಳಿದ.

ಹೋದ ಬೇಸಿಗೆಯಲ್ಲಿ ಅವರು ದೂರದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋದರಂತೆ. ಹೆಂಡತಿಗೆ ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಅವನು ಟ್ರಕ್ ಓಡಿಸಲು ಲೈಸೆನ್ಸ್ ಮಾಡಿಕೊಂಡಿದ್ದಾನೆ. ಮಗಳು ಹಾಕಿ ಮುಂದುವರಿಸಿದಳೋ ಇಲ್ಲವೋ, ಹೇಳಿದವನಿಗೆ ಗೊತ್ತಿರಲಿಲ್ಲ. ಅವಳ ಅಪ್ಪ ಎಲ್ಲೂ ಆಡುವುದಿಲ್ಲ, ಅದಷ್ಟು ಗೊತ್ತು ಎಂದ.

ಈಗ ಇದನ್ನೆಲ್ಲ ನಡೆದದ್ದು ನಡೆದಂತೆ ಬರೆದಿದ್ದೇನೆ. ಕನ್ನಡದಲ್ಲಿ ಬರೆದಿದ್ದೇನೆ. ಸಮಿತಿಯಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ.